ಹಳ್ಳದಾಚೆಯ ಸೈಕಲ್

ಮೃಗಶಿರ ಮಳೆ ಹಿಡಿಯುವುದರೊಳಗೆ ಹಳ್ಳ ದಾಟುವ ಕಾಲುಸಂಕ ಆಗಬೇಕು. ಬೇಸಿಗೆಯಲ್ಲಿ ಪಾದ ನೆನೆಯದ ಹಳ್ಳ ಆಮೇಲೆ ಬುಡಸಹಿತ ಮರಗಳನ್ನೇ ಉರುಳಿಸಿಕೊಂಡು ಬರುತ್ತದೆ. ಹೊಸನಗರದ ಹುಲಿಕಲ್ ಕಡೆಯಾಗಲಿ, ತೀರ್ಥಹಳ್ಳಿಯ ಆಗುಂಬೆ ಕಡೆಯಾಗಲಿ, ಗುಡ್ಡಕ್ಕೊಂದು ಮನೆ ಇರುವ ಊರುಗಳಲ್ಲಿ ನಾಲ್ಕಾರು ಒಕ್ಕಲು ಸೇರಿ ಫಸಲು ನಿಂತ ಅಡಕೆ ಮರ ಕಡಿದು ತರುತ್ತಾರೆ. ಈ ದಡದ ಬಂಡೆಯಿಂದ ಆ ದಡದ ಬೇರಿಗೆ ನಾಲ್ಕು ಮರ. ಒಂದರ ಬುಡ ಈಚೆಗಾದರೆ ಇನ್ನೊಂದರದು ಆಚೆಗಿರಬೇಕು, ಇಲ್ಲದಿದ್ದರೆ ಸಂಕ ಒಂದು ತುದಿಯಲ್ಲಿ ಅಗಲ, ಇನ್ನೊಂದರಲ್ಲಿ ಇಕ್ಕಟ್ಟು. ಮೊದಲು ಕಾಡುಬಳ್ಳಿಯಲ್ಲಿ ಬಿಗಿಯುತ್ತಿದ್ದರು, ಈಗ ನೈಲಾನ್ ಹಗ್ಗ. ಕೈಗೆ ಆಸರೆಯಾಗಿ ಒಂದು ಬಿದಿರು ಗಳ. ಜುಲೈ ಹೊತ್ತಿಗೆ ಮೇಲೆಲ್ಲ ಪಾಚಿ. ಒಂದೆರಡು ಮಳೆಗಾಲ ಕಂಡರೆ ಮರ ಲಡ್ಡು. ಮತ್ತೆ ಕಡಿ, ಮತ್ತೆ ಹೊರು.

ಸಂಕ ದಾಟಿ ಹೋಗುವ ಈ ದಾರಿಗೆ ನಕ್ಷೆಯಿಲ್ಲ, ಟೆಂಡರಿಲ್ಲ. ಅದು ಒಬ್ಬರ ತೋಟದ ಅಗಳು ದಾಟಿ, ಇನ್ನೊಬ್ಬರ ಗದ್ದೆ ಬದುವಿನ ಮೇಲೆ ಹಾಯ್ದು, ತಡಬೆ ಹತ್ತಿಳಿದು ಟಾರು ರಸ್ತೆ ಸೇರುತ್ತದೆ. ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದಾಗ ಈ ಸಂಕಗಳ ನಿಜವಾದ ಅಗಲ ಗೊತ್ತಾಯಿತು. ಹುಡುಗರು ನಡುಗಂಬಿಯನ್ನು ಹೆಗಲಿಗೇರಿಸಿ ಹೇಗೋ ದಾಟಿಯಾರು. ಹುಡುಗಿಯರ ಸೈಕಲ್ಲಿಗೆ ಆ ಕಂಬಿಯೇ ಇಲ್ಲ, ಹೆಗಲ ಮೇಲೆ ಕೂರುವುದಿಲ್ಲ. ಅಪ್ಪನೋ ಅಣ್ಣನೋ ಬಂದು ದಾಟಿಸಬೇಕು. ಅದಾಗದಿದ್ದರೆ ರಸ್ತೆ ಬದಿಯ ಯಾರದೋ ಕೊಟ್ಟಿಗೆಯಲ್ಲಿ ದನದ ಪಕ್ಕ ಸೈಕಲ್ ನಿಲ್ಲಿಸಿ, ಕೊಡೆ ಬಿಚ್ಚಿ ಮನೆಗೆ ನಡೆಯಬೇಕು. ಸೈಕಲ್ ಕೊಟ್ಟ ಇಲಾಖೆಗೆ ದಾರಿ ಸಂಬಂಧಪಟ್ಟದ್ದಲ್ಲ, ಬಿಡಿ.

ನಡೆಯುವವರಿಗೆ ಕಲ್ಲು ಹಾಸಿದ ದೊರೆಗಳು ಇಲ್ಲೇ ಇದ್ದರು. ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ರಾಜಧಾನಿ ಸಾಗಿಸಿದ ನಾಯಕರ ಕಾಲದ ಹಾಸುಗಲ್ಲಿನ ದಾರಿ ಕವಲೇದುರ್ಗದ ಕೋಟೆಗೆ ಇವತ್ತಿಗೂ ಹತ್ತಿಸುತ್ತದೆ. ತೀರ್ಥಹಳ್ಳಿಯಲ್ಲಿ ತುಂಗೆಯ ಕಲ್ಲುಸಾರದ ಮೇಲೆ ಜನ ಬೇಸಿಗೆಯಲ್ಲಿ ಹೊಳೆ ದಾಟುತ್ತಿದ್ದರು. ಅದೇ ತುಂಗೆ ಕೆಳಗೆ ಶಿವಮೊಗ್ಗ ಮುಟ್ಟಿದಾಗ ದಂಡೆಯ ಮೇಲೆ ನಡಿಗೆ ಪಥ, ಸೈಕಲ್ ಪಥ ಎಲ್ಲ ಇವೆ. 2016ರಲ್ಲಿ ಆ ನಗರ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಯೋಜನೆಯ ಸೂತ್ರದಂತೆ ಒಂದು ನಗರಕ್ಕೆ ಕೇಂದ್ರದ ಪಾಲು 500 ಕೋಟಿ, ರಾಜ್ಯದ್ದೂ ಅಷ್ಟೇ ಇತ್ತು. ಸಂಜೆ ಗಾಳಿ ಸೇವನೆಗೆ ಪಥ ಇರಲಿ, ಬೇಡವೆನ್ನುವವರು ಯಾರು? ಆದರೆ ಅದೇ ಹೊಳೆಗೆ ನೀರು ತರುವ ಹಳ್ಳಗಳ ಮೇಲೆ ಶಾಲೆಗೆ ಹೋಗುವ ದಾರಿಗೆ ದುಡ್ಡು ಹುಡುಕುವ ಪರಿಯೇ ಬೇರೆ.

ಗ್ರಾಮಸಭೆಯಲ್ಲಿ ಕೈಯೆತ್ತಿ ಸಂಕವನ್ನು ಕ್ರಿಯಾ ಯೋಜನೆಗೆ ಸೇರಿಸಬೇಕು. ನರೇಗಾದಲ್ಲಿ ಮಾಡೋಣವೆಂದರೆ ಅದರ ಲೆಕ್ಕ ಕೂಲಿಗೆ ಶೇ 60, ಸಾಮಗ್ರಿಗೆ ಶೇ 40 ಎಂದಿತ್ತು. ಕಾಲುಸಂಕಕ್ಕೆ ಬೇಕಾದದ್ದು ಸಿಮೆಂಟು, ಕಬ್ಬಿಣ. ಮಣ್ಣು ಹೊರುವ ಕೆಲಸ ಕಡಿಮೆ. ಹಾಗಾಗಿ ಸಂಕದ ಸಾಮಗ್ರಿ ಸರಿದೂಗಿಸಲು ಇಂಗುಗುಂಡಿ, ಬದು, ಕೆರೆ ಹೂಳಿನ ಕೂಲಿ ತೋರಿಸಬೇಕಿತ್ತು. ಅಲ್ಲಾಗದಿದ್ದರೆ ಶಿವಮೊಗ್ಗದ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ, ಶಾಸಕರ ನಿಧಿ, ಲೋಕೋಪಯೋಗಿ ಇಲಾಖೆಯ ‘ಶಾಲಾ ಸಂಪರ್ಕ ಸೇತು’. ದಾರಿಯಲ್ಲಿ ಅರಣ್ಯ ಸಿಕ್ಕರೆ ಇನ್ನೊಂದು ಕಡತ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಒಂದು ಹೆಕ್ಟೇರಿಗಿಂತ ಕಡಿಮೆ ಕಾಡುಜಾಗವನ್ನು ರಸ್ತೆಗೆ ಬಿಡಲು ಅವಕಾಶವಿದೆ, ಗ್ರಾಮಸಭೆಯ ಶಿಫಾರಸು ಬೇಕು. ತೋಟದವರು ಇಷ್ಟು ವರ್ಷ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಜಾಗವನ್ನು ಈಗ ಬರೆದುಕೊಡಿ ಎಂದಾಗ ತಲೆ ಕೆರೆದುಕೊಳ್ಳುತ್ತಾರೆ.

ದೊಡ್ಡ ಸೇತುವೆಯ ಆಸೆಯೂ ಸಣ್ಣದಕ್ಕೆ ಅಡ್ಡ ಬರುತ್ತದೆ. 1964ರ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಂದಾಗಿ ಲಾಂಚ್ ನಂಬಿಕೊಂಡಿದ್ದ ಸಾಗರದ ತುಮರಿ ಕಡೆಯವರಿಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಿಕ್ಕಿದ್ದು 2025ರ ಜುಲೈ 14ರಂದು, ಉದ್ದ 2.44 ಕಿ.ಮೀ., ಖರ್ಚು ಸುಮಾರು 473 ಕೋಟಿ. ಅದನ್ನು ನೋಡಿದ ಮೇಲೆ ಮೀಟರಗಲದ ಕಾಲುಸಂಕಕ್ಕೆ ಯಾರು ತೃಪ್ತಿಪಡುತ್ತಾರೆ?

“ಕಾರು ಹೋಗೋ ಹಂಗೆ ಮಾಡ್ರಿ ಸಾರ್, ಇದೆಂಥ ಸಂಕ?”

“ಅಗಲ ಮಾಡಿದ್ರೆ ಅಂದಾಜುಪಟ್ಟಿ ಮೇಲೆ ಹೋಗುತ್ತೆ ಗೌಡ್ರೆ. ಜಿಲ್ಲಾ ಪಂಚಾಯ್ತಿಲಿ ನಿಲ್ಲುತ್ತೆ.”

“ಹಂಗಾರೆ ಬೈಕಾದ್ರೂ ಹೋಗ್ಲಿ.”

ಸಭೆಗಳಲ್ಲಿ ಈ ಚೌಕಾಸಿ ಹೊಸದಲ್ಲ. ಕಾರಿನ ಹಟ ಹಿಡಿದು ಮೂರು ಮಳೆಗಾಲ ಕಳೆಯುವ ಬದಲು ಬೈಕಿನಗಲಕ್ಕೆ ರುಜು ಹಾಕಿಸಿಕೊಳ್ಳುವುದು ಜಾಣತನ ಎಂದೇ ನನ್ನ ಎಣಿಕೆ. ಬೈಕು ದಾಟುವಲ್ಲಿ ಸೈಕಲ್ಲು ತಾನಾಗಿ ದಾಟುತ್ತದೆ, ನಡುಗಂಬಿ ಇರಲಿ, ಇಲ್ಲದಿರಲಿ.