ಹೊಸ ಬೂಟು, ಹಳೆಯ ಬೂಟು

‘ಪಾಠ ಬಿಟ್ಟು ಪತ್ತೇದಾರಿ ಕಾದಂಬರಿ ಹಿಡಿದು ಕೂರುತ್ತಾನೆ ಸಾರ್, ನೀವಾದರೂ ಸ್ವಲ್ಪ ಬುದ್ಧಿ ಹೇಳಿ’ ಎಂದು ತಂದೆ-ತಾಯಿ ದೂರುವುದನ್ನು ಇಪ್ಪತ್ತೈದು ವರ್ಷಗಳಿಂದ ಕೇಳುತ್ತಿದ್ದೇನೆ. ಆದರೆ ವಿಜ್ಞಾನದ ಮೇಷ್ಟ್ರಾದ ನಾನೇ ಮಕ್ಕಳ ಕೈಗೆ ಕೊಡುವ ಒಂದು ಪತ್ತೇದಾರಿ ಕಾದಂಬರಿಯಿದೆ. ಆರ್ಥರ್ ಕಾನನ್ ಡಾಯ್ಲ್ ಬರೆದ ‘ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’. ಲಂಡನ್ನಿನ ‘ಸ್ಟ್ರ್ಯಾಂಡ್’ ಮಾಸಪತ್ರಿಕೆಯಲ್ಲಿ 1901-02ರಲ್ಲಿ ಧಾರಾವಾಹಿಯಾಗಿ ಬಂದು, 1902ರಲ್ಲೇ ಪುಸ್ತಕವೂ ಆಯಿತು.

ಇಂಗ್ಲೆಂಡಿನ ಡಾರ್ಟ್‌ಮೂರ್ ಎಂಬ ಜೌಗು ಬಯಲಿನ ಸೀಮೆಯಲ್ಲಿ ಬಾಸ್ಕರ್‌ವಿಲ್ ಮನೆತನದ ಬಂಗಲೆ. ಪೂರ್ವಿಕನೊಬ್ಬನ ಪಾಪದಿಂದಾಗಿ ದೆವ್ವದ ನಾಯಿಯೊಂದು ಆ ವಂಶವನ್ನು ಕಾಡುತ್ತಿದೆ ಎಂಬುದು ಹಳೆಯ ನಂಬಿಕೆ. ಮನೆಯ ಯಜಮಾನ ಸರ್ ಚಾರ್ಲ್ಸ್ ಒಂದು ರಾತ್ರಿ ತೋಟದ ಹಾದಿಯಲ್ಲಿ ಸತ್ತು ಬೀಳುತ್ತಾನೆ. ಮೈಮೇಲೆ ಗಾಯವಿಲ್ಲ, ಸ್ವಲ್ಪ ದೂರದಲ್ಲಿ ಭಾರಿ ನಾಯಿಯ ಹೆಜ್ಜೆಗುರುತು. ವೈದ್ಯಕೀಯ ಓದಿದ ಡಾಕ್ಟರ್ ಮಾರ್ಟಿಮರ್‌ಗೂ ಅನುಮಾನ: ದೆವ್ವವೇ ಇರಬಹುದೇ?

ಷರ್ಲಾಕ್ ಹೋಮ್ಸ್ ಇಲ್ಲಿ ವಾದಕ್ಕೆ ಕೂರುವುದಿಲ್ಲ. ಪ್ರಕೃತಿಯ ನಿಯಮಕ್ಕೆ ಒಳಪಟ್ಟ ಕಾರಣಗಳನ್ನೆಲ್ಲ ಮೊದಲು ಪರೀಕ್ಷಿಸೋಣ, ಮಿಕ್ಕದ್ದು ಆಮೇಲೆ ಎಂಬುದು ಅವನ ನಿಲುವು. ವಾರಸುದಾರ ಹೆನ್ರಿ ತಂಗಿದ್ದ ಲಂಡನ್ನಿನ ಹೋಟೆಲಿನಲ್ಲಿ ಅವನ ಹೊಸ ಬೂಟೊಂದು ಕಳುವಾಗುತ್ತದೆ. ಬಳಿಕ ಹಳೆಯ ಬೂಟೊಂದು ಕಾಣೆ. ಹೊಸದು ಮಾತ್ರ ಮರಳಿ ಸಿಗುತ್ತದೆ! ಬೇರೆಯವರಿಗೆ ಇದು ಹೋಟೆಲಿನವರ ಎಡವಟ್ಟು. ಹೋಮ್ಸ್‌ಗೆ ಮಾತ್ರ ಅದೇ ದೊಡ್ಡ ಸುಳಿವು. ಕಾಲಿಗೇ ಹಾಕದ ಬೂಟಿನಲ್ಲಿ ಒಡೆಯನ ವಾಸನೆ ಇರುವುದಿಲ್ಲ. ವಾಸನೆ ಬೇಕಾದದ್ದು ಯಾರಿಗೆ? ನಿಜವಾದ ನಾಯಿಗೆ. ದೆವ್ವಕ್ಕೆ ಬೂಟು ಮೂಸುವ ಅಗತ್ಯವೇನು? ಇಡೀ ಕಾದಂಬರಿಯಲ್ಲಿ ನನಗೆ ಅತಿ ಮೆಚ್ಚಿಗೆಯಾದ ಜಾಗ ಇದು.

ದೋಷಗಳೂ ಉಂಟು. ನಡುಭಾಗದಲ್ಲಿ ಹೋಮ್ಸ್ ಬಹಳ ಹೊತ್ತು ಕಾಣಿಸಿಕೊಳ್ಳುವುದಿಲ್ಲ. ಅಪರಾಧಿ ಯಾರೆಂದು (ನಾನಂತೂ ಹೇಳುವುದಿಲ್ಲ) ಜಾಣ ಓದುಗ ಬೇಗನೆ ಊಹಿಸಬಲ್ಲ. ರಸಾಯನಶಾಸ್ತ್ರವಂತೂ ಮುಗ್ಗರಿಸಿದೆ. ನಾಯಿಯ ಮೂತಿ ಬೆಂಕಿಯಂತೆ ಹೊಳೆಯಲೆಂದು ರಂಜಕದ ಲೇಪ ಹಚ್ಚಿದ್ದರಂತೆ! ಬಿಳಿ ರಂಜಕ ಗಾಳಿಯಲ್ಲಿ ಸುಮಾರು 30 ಡಿಗ್ರಿ ಸೆಲ್ಸಿಯಸ್‌ಗೇ ಹೊತ್ತಿಕೊಳ್ಳುತ್ತದೆ. ಅದಕ್ಕೇ ಅದನ್ನು ನೀರಿನೊಳಗೆ ಇಡುವುದು. ನಾಯಿಯ ಮೈಬಿಸಿಯೇ 38 ಡಿಗ್ರಿ. ಮೇಲಾಗಿ ರಂಜಕ ಘೋರ ವಿಷ. ಮೂತಿ ನೆಕ್ಕಿಕೊಂಡ ನಾಯಿ ಉಳಿದೀತೇ? ಈ ತಪ್ಪನ್ನು ನೀವೇ ಹುಡುಕಿ ಎಂದು ಹೇಳಿಯೇ ನಾನು ಪುಸ್ತಕ ಕೊಡುವುದು.

ಇನ್ನೊಂದು ಸಂಗತಿಯನ್ನು ಮಕ್ಕಳಿಗೆ ತಪ್ಪದೆ ಹೇಳುತ್ತೇನೆ. ಡಾಯ್ಲ್ ಸ್ವತಃ ವೈದ್ಯರು. ಆದರೂ 1917ರಲ್ಲಿ ಕಾಟಿಂಗ್ಲಿ ಎಂಬ ಹಳ್ಳಿಯ ಇಬ್ಬರು ಹುಡುಗಿಯರು ತೆಗೆದ ಯಕ್ಷಿಣಿಯರ ಫೋಟೊಗಳನ್ನು ನಂಬಿ, 1922ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಆ ಫೋಟೊಗಳಲ್ಲಿದ್ದದ್ದು ಕಾಗದದಲ್ಲಿ ಕತ್ತರಿಸಿದ ಚಿತ್ರಗಳು ಎಂದು ಹುಡುಗಿಯರೇ, ಮುದುಕಿಯರಾದ ಮೇಲೆ, 1983ರಲ್ಲಿ ಒಪ್ಪಿಕೊಂಡರು. ಹೋಮ್ಸ್‌ನನ್ನು ಸೃಷ್ಟಿಸಿದವರೇ ಹೋಮ್ಸ್ ಕೇಳುವಂಥ ಪ್ರಶ್ನೆ ಕೇಳಲಿಲ್ಲ. ಇನ್ನು ನಾವು, ನೀವು ಎಷ್ಟು ಎಚ್ಚರವಾಗಿರಬೇಕು!

ಪೋಷಕರೇ, ಈ ರಜೆಯಲ್ಲಿ ಮಕ್ಕಳಿಗೆ ಇದನ್ನು ಕೊಡಿಸಿ, ನೀವೂ ಓದಿ. ಸರ್ ಚಾರ್ಲ್ಸ್‌ನ ಹೆಜ್ಜೆಗುರುತು ಕೊನೆಕೊನೆಗೆ ತುದಿಗಾಲಲ್ಲಿ ನಡೆದಂತೆ ಏಕೆ ಮೂಡಿತ್ತು? ಉತ್ತರವನ್ನು ಮಕ್ಕಳೇ ಹೇಳಲಿ.