ಒಂದು ಲೆಕ್ಕಕ್ಕೆ ನಲವತ್ತೈದು ನಿಮಿಷ

ಎಂಟನೇ ತರಗತಿಯ ಮಕ್ಕಳು ಬರೆಯುವ ಎನ್‌ಎಂಎಂಎಸ್ ಪರೀಕ್ಷೆಯ ಒಂದು ಪತ್ರಿಕೆಯಲ್ಲಿ 90 ಪ್ರಶ್ನೆ, 90 ನಿಮಿಷ. ತಲಾ ಒಂದು ನಿಮಿಷ. ಗಣಿತ ಒಲಿಂಪಿಯಾಡ್‌ನ ಮೊದಲ ಸುತ್ತಾದ ಐಒಕ್ಯೂಎಂನಲ್ಲಿ ಮೂರು ಗಂಟೆಗೆ 30 ಪ್ರಶ್ನೆ. ತಲಾ ಆರು ನಿಮಿಷವಾಯಿತು. ಅದರಲ್ಲಿ ಗೆದ್ದವರಿಗೆ ಪ್ರಾದೇಶಿಕ ಒಲಿಂಪಿಯಾಡ್, ಅಂದರೆ ಆರ್‌ಎಂಒ. ಅಲ್ಲಿಯೂ ಮೂರೇ ಗಂಟೆ, ಆದರೆ ಪ್ರಶ್ನೆ ಆರು. ರಾಷ್ಟ್ರಮಟ್ಟದ ಐಎನ್‌ಎಂಒದಲ್ಲಿ ಆರು ಪ್ರಶ್ನೆಗೆ ನಾಲ್ಕೂವರೆ ಗಂಟೆ ಕೊಡುತ್ತಾರೆ; ಒಂದಕ್ಕೆ ಮುಕ್ಕಾಲು ಗಂಟೆ. ಅಂತರರಾಷ್ಟ್ರೀಯ ಒಲಿಂಪಿಯಾಡ್‌ನಲ್ಲಂತೂ ಎರಡು ದಿನ, ದಿನಕ್ಕೆ ನಾಲ್ಕೂವರೆ ಗಂಟೆ, ಮೂರು ಮೂರು ಪ್ರಶ್ನೆ. ಒಂದೊಂದಕ್ಕೆ ಒಂದೂವರೆ ಗಂಟೆ!

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಂಥ ಕಡೆ ಇವುಗಳಲ್ಲಿ ಮೊದಲು ಹೇಳಿದ ಎನ್‌ಎಂಎಂಎಸ್ ಎಲ್ಲರಿಗೂ ಗೊತ್ತು. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳು ಅದನ್ನು ಕನ್ನಡದಲ್ಲೇ ಬರೆಯುತ್ತಾರೆ. ಪಾಸಾಗಿ ಆಯ್ಕೆಯಾದರೆ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಮಳೆ ನಂಬಿ ಕಡಲೆಕಾಯಿ ಹಾಕುವ ಮನೆಗೆ ನಾಲ್ಕು ವರ್ಷದ 48,000 ಸಣ್ಣ ಮೊತ್ತವಲ್ಲ. ಹಾಗಾಗಿ ಶಾಲೆ ಬಿಟ್ಟ ಮೇಲೂ ಕೂರಿಸಿಕೊಂಡು ಹೇಳಿಕೊಡುವ ಮೇಷ್ಟ್ರು, ಮೇಡಮ್‌ಗಳಿದ್ದಾರೆ, ಮಕ್ಕಳೂ ಪಳಗುತ್ತಾರೆ. ತೊಡಕು ಶುರುವಾಗುವುದು ಆಮೇಲೆ. ಒಂದು ನಿಮಿಷದಲ್ಲಿ ಹೊಳೆಯದ ಲೆಕ್ಕವನ್ನು ಬಿಟ್ಟು ಮುಂದಕ್ಕೆ ಹೋಗು ಎಂದು ಕಲಿತ ಜಾಣ ಹುಡುಗಿಗೆ, ಹೊಳೆಯದೆ ಇರುವ ಲೆಕ್ಕದ ಜೊತೆಗೇ ಕೂರಬೇಕಾದ ಪರೀಕ್ಷೆ ಬೇರೆಯೇ ಆಟ ಅನ್ನಿಸುತ್ತದೆ. ಬೇರೆಯೇ ಆಟ ನಿಜ. ಅದಕ್ಕೆ ಬೇಕಾದ್ದು ಚುರುಕಿಗಿಂತ ಹೆಚ್ಚಾಗಿ, ಕೂತಾಗ ಏನು ಮಾಡಬೇಕು ಎಂಬ ತಿಳಿವಳಿಕೆ. ಅದನ್ನು ಕಲಿಸಬಹುದು.

ಒಂದು ಲೆಕ್ಕ ಹಿಡಿದೇ ನೋಡೋಣ. ನೆಲದ ಮೇಲೆ ಚೌಕಾಬಾರದ ಮನೆ ಬರೆಯಿರಿ: ಐದು ಸಾಲು, ಐದು ಕಂಬ, ಒಟ್ಟು 25 ಮನೆ. ಒಂದೊಂದು ಮನೆಯಲ್ಲೂ ಒಂದೊಂದು ಹುಣಸೆ ಬೀಜ ಇಡಿ. ಈಗ ಎಲ್ಲ ಬೀಜಗಳೂ ಒಟ್ಟಿಗೇ ಪಕ್ಕದ ಮನೆಗೆ ಹೋಗಬೇಕು. ಮೇಲಕ್ಕೋ, ಕೆಳಕ್ಕೋ, ಎಡಕ್ಕೋ, ಬಲಕ್ಕೋ, ಒಂದೇ ಮನೆ. ಓರೆಯಾಗಿ ಹೋಗುವಂತಿಲ್ಲ, ಇದ್ದಲ್ಲೇ ಇರುವಂತಿಲ್ಲ. ಹಾಗೆ ಹೋದ ಮೇಲೂ ಮನೆಗೊಂದೇ ಬೀಜ ಇರುವಂತೆ ಮಾಡಲು ಸಾಧ್ಯವೇ?

ಮಕ್ಕಳು ಮೊದಲು ಬೀಜ ಸರಿಸಲು ಹೊರಡುತ್ತಾರೆ. ಸರಿಸಲಿ. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಸರಿಯಾಗಿ ಕೂತು, ಕೊನೆಗೆ ಒಂದು ಮೂಲೆಯಲ್ಲಿ ಎಡವಟ್ಟಾಗುತ್ತದೆ. ಇನ್ನೊಂದು ಸಲ, ಮತ್ತೆ ಅದೇ. ಈ ಹಂತದಲ್ಲಿ ಮಾಡಬೇಕಾದ ಕೆಲಸ ಲೆಕ್ಕವನ್ನು ಚಿಕ್ಕದು ಮಾಡುವುದು. 25 ಮನೆ ಬಿಡಿ, ನಾಲ್ಕೇ ಮನೆ ಇದ್ದರೆ? ಎರಡೆರಡು ಬೀಜ ಅದಲುಬದಲಾದರೆ ಮುಗಿಯಿತು. 3×3ರ ಒಂಬತ್ತು ಮನೆ? ಎಷ್ಟು ತಿಣುಕಿದರೂ ಆಗದು. 4×4? ಮತ್ತೆ ಜೋಡಿಜೋಡಿಯಾಗಿ ಅದಲುಬದಲು, ಸುಲಭ. ಇಷ್ಟು ನೋಡುವಷ್ಟರಲ್ಲಿ ಯಾರಾದರೂ ‘ಸಮ ಆದ್ರೆ ಆಗುತ್ತೆ, ಬೆಸ ಆದ್ರೆ ಆಗಲ್ಲ ಸಾರ್’ ಅಂದೇ ಅನ್ನುತ್ತಾರೆ. ಅದು ಊಹೆ. ಒಳ್ಳೆಯ ಊಹೆಯೇ, ಆದರೆ ಇನ್ನೂ ಉತ್ತರವಲ್ಲ.

ಈಗ ಸೀಮೆಸುಣ್ಣ ತೆಗೆದುಕೊಂಡು ಒಂದು ಮೂಲೆಯ ಮನೆಗೆ ಬಳಿಯಿರಿ. ಅದರ ಪಕ್ಕದ್ದು ಬಿಡಿ, ಆಮೇಲಿನದಕ್ಕೆ ಬಳಿಯಿರಿ. ಹೀಗೇ ಒಂದು ಬಿಟ್ಟು ಒಂದು, ಚದುರಂಗದ ಹಾಸಿನ ಹಾಗೆ. ಬಿಳಿ ಮನೆ 13 ಆಗುತ್ತವೆ, ಕಪ್ಪು 12. ಬಿಳಿ ಮನೆಯ ಅಕ್ಕಪಕ್ಕ, ಮೇಲೆ ಕೆಳಗೆ ಎಲ್ಲ ಕಪ್ಪೇ. ಹಾಗಾಗಿ ಬಿಳಿಯಲ್ಲಿರುವ 13 ಬೀಜಗಳೂ ಕಪ್ಪು ಮನೆಗೇ ಹೋಗಬೇಕು. ಕಪ್ಪು ಮನೆ ಇರುವುದು 12. ಎರಡು ಬೀಜ ಒಂದೇ ಮನೆಗೆ ಬಿದ್ದೇ ಬೀಳುತ್ತವೆ. ಸಾಧ್ಯವಿಲ್ಲ, ಮುಗಿಯಿತು.

ಬಣ್ಣ ಬಳಿಯಬೇಕು ಅಂತ ಹೊಳೆಯುವುದು ಹೇಗೆ ಎಂದು ಮಕ್ಕಳು ಕೇಳುತ್ತಾರೆ, ಕೇಳಬೇಕಾದ್ದೇ. ಪ್ರಾಮಾಣಿಕ ಉತ್ತರ: ಮೊದಲ ಸಲ ಯಾರಿಗೂ ಹೊಳೆಯುವುದಿಲ್ಲ, ಯಾರಾದರೂ ತೋರಿಸಿರುತ್ತಾರೆ. ಎರಡನೇ ಸಲ ಹೊಳೆಯಬೇಕಾದರೆ ತಂತ್ರದ ಹಿಂದಿನ ಪ್ರಶ್ನೆ ನೆನಪಿರಬೇಕು. ಬೀಜಗಳು ಹೇಗೆ ಬೇಕಾದರೂ ಓಡಾಡಲಿ, ಬದಲಾಗದೆ ಉಳಿಯುವುದು ಯಾವುದು? ಇಲ್ಲಿ ಪ್ರತಿ ನಡೆಗೂ ಬಣ್ಣ ಬದಲಾಗುತ್ತದೆ ಎಂಬ ನಿಯಮ ಬದಲಾಗಲಿಲ್ಲ. ಬೇರೊಂದು ಲೆಕ್ಕದಲ್ಲಿ ಅದು ಒಟ್ಟು ಮೊತ್ತ ಇರಬಹುದು, ಮೂರರಿಂದ ಭಾಗಿಸಿದಾಗ ಬರುವ ಶೇಷ ಇರಬಹುದು.

ಅದೇ ಹಾಸಿನ ಮೇಲೆ ಇನ್ನೊಂದು. ಒಂದು ಮನೆಯನ್ನು ಬಿಟ್ಟು ಉಳಿದ 24 ಮನೆಗಳನ್ನು, ಎರಡು ಮನೆ ಮುಚ್ಚುವಷ್ಟು ಉದ್ದದ 12 ರಟ್ಟಿನ ತುಂಡುಗಳಿಂದ ಮುಚ್ಚಬೇಕು. ಯಾವ ಮನೆ ಬಿಟ್ಟರೆ ಆಗುತ್ತದೆ? ಒಂದು ತುಂಡು ಹೇಗೆ ಇಟ್ಟರೂ ಒಂದು ಬಿಳಿ, ಒಂದು ಕಪ್ಪು ಮುಚ್ಚುತ್ತದೆ. ಕಪ್ಪು ಮನೆ ಬಿಟ್ಟರೆ 13 ಬಿಳಿ, 11 ಕಪ್ಪು ಉಳಿದು ಕೆಲಸ ಕೆಡುತ್ತದೆ. ಹಾಗಾದರೆ ಬಿಳಿ ಬಿಟ್ಟರೆ ಆಗುತ್ತದೆ ಎಂದು ಬರೆದುಬಿಡುವವರೇ ಹೆಚ್ಚು, ಅಂಕ ಹೋಗುವುದೂ ಅಲ್ಲೇ. 12ಕ್ಕೆ 12 ಸರಿಹೋಯಿತು ಎಂದ ಮಾತ್ರಕ್ಕೆ ಮುಚ್ಚಲು ಬರುತ್ತದೆ ಎಂದಾಗಲಿಲ್ಲ, ಮುಚ್ಚಿ ತೋರಿಸಬೇಕು. ಮೂಲೆ ಬಿಟ್ಟರೆ ಆ ಸಾಲಿನ ನಾಲ್ಕು ಮನೆಗೆ ಎರಡು ತುಂಡು ಅಡ್ಡಡ್ಡ, ಉಳಿದ ನಾಲ್ಕು ಸಾಲಿಗೆಲ್ಲ ಉದ್ದುದ್ದ. ಅಂಚಿನ ನಡುಮನೆ ಬಿಟ್ಟರೂ ಅದೇ ಉಪಾಯ. ನಟ್ಟನಡುವಿನದನ್ನು ಬಿಟ್ಟರೆ 2×3ರ ನಾಲ್ಕು ತುಂಡು ಜಾಗ ಅದರ ಸುತ್ತ ಗಿರಿಗಿಟ್ಲೆಯಂತೆ ಕೂರುತ್ತದೆ. ಮೂಲೆಯಿಂದ ಓರೆಯಾಗಿ ಒಂದು ಮನೆ ಒಳಗಿರುವ ನಾಲ್ಕು ಬಿಳಿ ಮನೆ ಓದುಗರಿಗೇ ಇರಲಿ. ಅಂದಹಾಗೆ, ಚೌಕಾಬಾರದ ಐದು ಕಟ್ಟೆಗಳೂ ಬಿಳಿ ಮನೆಗಳೇ, ಎಣಿಸಿ ನೋಡಿ.

ಎರಡನೆಯ ಮಾದರಿಗೆ ಊರಿಂದ ಹೊರಡೋಣ. ಕಾಗದದ ಮೇಲೆ ನಾಲ್ಕು ಚುಕ್ಕಿ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಪ್ರತಿ ಜೋಡಿ ಊರಿನ ನಡುವೆಯೂ ಒಂದು ನೇರ ರಸ್ತೆ ಇದೆ ಎಂದುಕೊಳ್ಳಿ, ಆರು ರಸ್ತೆ. ಒಂದೊಂದು ರಸ್ತೆಯಲ್ಲೂ ಒಂದೇ ಸಲ ಹೋಗಿ ಆರನ್ನೂ ಮುಗಿಸಬಹುದೇ? ದಾರಿ ನಡುವೆ ಸಿಗುವ ಊರಿಗೆ ಒಂದು ರಸ್ತೆಯಲ್ಲಿ ಬಂದರೆ ಇನ್ನೊಂದರಲ್ಲಿ ಹೊರಡಬೇಕು, ಆದ್ದರಿಂದ ಅಂಥ ಊರಿನ ರಸ್ತೆಗಳು ಜೋಡಿಜೋಡಿಯಾಗಿ ಖರ್ಚಾಗುತ್ತವೆ. ಬೆಸ ಸಂಖ್ಯೆಯ ರಸ್ತೆ ಇರುವ ಊರು ಪ್ರಯಾಣದ ಮೊದಲಿನದೋ ಕೊನೆಯದೋ ಆಗಿರಲೇಬೇಕು. ಇಲ್ಲಿ ನಾಲ್ಕೂ ಊರಿಗೆ ಮೂರು ಮೂರು ರಸ್ತೆ. ಮೊದಲು, ಕೊನೆ ಸೇರಿ ಎರಡೇ ಜಾಗ, ಆಗದು. 1736ರಲ್ಲಿ ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳ ಬಗ್ಗೆ ಆಯ್ಲರ್ ಹೇಳಿದ್ದು ಇದನ್ನೇ.

ನಿಜಕ್ಕೆ ಕೊರಟಗೆರೆಯಿಂದ ಪಾವಗಡಕ್ಕೆ ಹೋಗುವ ಬಸ್ಸು ಮಧುಗಿರಿ ಹಾದೇ ಹೋಗುತ್ತದೆ. ಹಾಗಾಗಿ ಆ ಗೆರೆ ಅಳಿಸಿಬಿಡೋಣ. ಈಗ ಮಧುಗಿರಿಗೆ, ಶಿರಾಕ್ಕೆ ಮೂರು ಮೂರು, ಉಳಿದೆರಡಕ್ಕೆ ಎರಡೆರಡು ರಸ್ತೆ. ಮಧುಗಿರಿ, ಕೊರಟಗೆರೆ, ಶಿರಾ, ಮಧುಗಿರಿ, ಪಾವಗಡ, ಶಿರಾ: ಐದೂ ರಸ್ತೆ ಮುಗಿದವು. ಮಧುಗಿರಿಯಲ್ಲಿ ಹೊರಟರೆ ಶಿರಾದಲ್ಲೇ ಮುಗಿಯಬೇಕು ಅಥವಾ ತಿರುಗುಮುರುಗು. ಪಾವಗಡದಿಂದ ಹೊರಟವರಿಗೆ ಈ ಪ್ರಯಾಣ ದಕ್ಕದು.

ಐಒಕ್ಯೂಎಂ ಪತ್ರಿಕೆಯಲ್ಲಿ ಇಷ್ಟೆಲ್ಲ ವಾದ ಬರೆಯುವುದಿಲ್ಲ. ಪ್ರತಿ ಉತ್ತರವೂ 00ರಿಂದ 99ರೊಳಗಿನ ಪೂರ್ಣಸಂಖ್ಯೆ, ಓಎಂಆರ್ ಹಾಳೆಯಲ್ಲಿ ಎರಡು ಅಂಕಿ ತುಂಬಬೇಕು. ಉತ್ತರ 7 ಆದರೆ 07. ಒಟ್ಟು 100 ಅಂಕ: 2 ಅಂಕದವು ಹತ್ತು, 3ರವು ಹತ್ತು, 5ರವು ಹತ್ತು. ಆ ಬಗೆಯ ಒಂದು ಪ್ರಶ್ನೆ: n²+15 ಎಂಬುದು n+3ರಿಂದ ನಿಶ್ಶೇಷವಾಗಿ ಭಾಗವಾಗುವ ಎಲ್ಲ ಧನ ಪೂರ್ಣಾಂಕ nಗಳ ಮೊತ್ತವೆಷ್ಟು?

ಹಾಕಿ ನೋಡುವವರಿಗೆ 1, 3, 5, 9 ಬೇಗ ಸಿಗುತ್ತವೆ. 10, 11, 12, ಹದಿನೈದರವರೆಗೂ ಏನೂ ಇಲ್ಲ. ಬೇಸತ್ತು 18 ಎಂದು ತುಂಬಿ ಮುಂದೆ ಹೋಗುತ್ತಾರೆ. ತಪ್ಪು. ಒಂಬತ್ತನೇ ತರಗತಿಯ a²−b² ಸೂತ್ರವನ್ನು ತಿರುಗಿಸಿ ಹಿಡಿದರೆ n²+15 ಎಂದರೆ n²−9+24, ಅಂದರೆ (n+3)(n−3)+24. ಮೊದಲ ತುಂಡು n+3ರಿಂದ ಹೇಗೂ ಭಾಗವಾಗುತ್ತದೆ. ಇನ್ನು 24 ಭಾಗವಾದರೆ ಸಾಕು. n ಕನಿಷ್ಠ 1, ಆದ್ದರಿಂದ n+3 ಎಂಬುದು 24ರ ಅಪವರ್ತನಗಳಲ್ಲಿ 4, 6, 8, 12, 24 ಮಾತ್ರ ಆಗಬಹುದು. n ಬೆಲೆಗಳು 1, 3, 5, 9, 21, ಮೊತ್ತ 39. ಆ 21 ಅಷ್ಟು ದೂರ ಅಡಗಿ ಕೂತಿತ್ತು. ಹಾಕಿ ನೋಡುವುದರಿಂದ ಲೆಕ್ಕದ ಪರಿಚಯವಾಗುತ್ತದೆ, ಎಲ್ಲ ಸಿಕ್ಕವು ಎಂಬ ಖಾತ್ರಿ ಬರುವುದಿಲ್ಲ. ಹೊಸ ಸೂತ್ರ ಯಾವುದೂ ಬೇಕಾಗಲಿಲ್ಲ ಎಂಬುದನ್ನೂ ಗಮನಿಸಿ. ಶಾಲೆಯ ಪುಸ್ತಕದಲ್ಲಿ ಇದೇ ಸೂತ್ರ ‘ಅಪವರ್ತಿಸಿ’ ಎಂಬ ತಲೆಬರಹದ ಕೆಳಗೆ ಬರುತ್ತದೆ, ಯಾವುದನ್ನು ಬಳಸಬೇಕೆಂದು ತಲೆಬರಹವೇ ಹೇಳಿಬಿಡುತ್ತದೆ. ಸ್ಪರ್ಧೆಯ ಪತ್ರಿಕೆಯಲ್ಲಿ ತಲೆಬರಹ ಇರುವುದಿಲ್ಲ.

ಆರ್‌ಎಂಒದಿಂದ ಮುಂದಕ್ಕೆ ವಾದವೇ ಉತ್ತರ. ‘ಎಷ್ಟು ಪ್ರಯತ್ನಿಸಿದರೂ ಆಗಲಿಲ್ಲ, ಆದ್ದರಿಂದ ಸಾಧ್ಯವಿಲ್ಲ’ ಎಂದು ಬರೆದರೆ, ಉತ್ತರ ನಿಜವಾಗಿದ್ದರೂ ಅಂಕ ಬರುವುದಿಲ್ಲ. ಬೀಜದ ಲೆಕ್ಕಕ್ಕೆ ಬೇಕಾದದ್ದು ನಾಲ್ಕು ವಾಕ್ಯ: ಬಣ್ಣ ಹೀಗೆ ಬಳಿದೆ, ಪ್ರತಿ ನಡೆಯೂ ಬಣ್ಣ ಬದಲಿಸುತ್ತದೆ, 13 ಬೀಜ 12 ಮನೆಗೆ ಹೋಗಬೇಕು, ಆದ್ದರಿಂದ ಒಂದು ಮನೆಯಲ್ಲಿ ಎರಡು ಬೀಜ. ಇದನ್ನು ಬರೆಸಿ, ಲೆಕ್ಕ ಗೊತ್ತಿಲ್ಲದ ಪಕ್ಕದ ಹುಡುಗನಿಗೆ ಓದಲು ಕೊಡಿ. ಅವನು ‘ಯಾಕೆ?’ ಎಂದು ಕೇಳಿದ ಜಾಗದಲ್ಲಿ ಒಂದು ವಾಕ್ಯ ಬಿಟ್ಟುಹೋಗಿದೆ ಎಂದು ಅರ್ಥ.

ಭಾಷೆಯ ವಿಚಾರ ಮುಚ್ಚಿಡುವಂಥದ್ದಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬ ಮಕ್ಕಳು ಪಾವಗಡದಲ್ಲಿ ಬೇಕಾದಷ್ಟಿದ್ದಾರೆ. ಅವರ ಮುಂದೆ ಒಲಿಂಪಿಯಾಡ್ ಪತ್ರಿಕೆ ಇಂಗ್ಲಿಷ್‌ನಲ್ಲಿ ಬರುತ್ತದೆ. ಆದರೆ ಆ ಇಂಗ್ಲಿಷ್ ಬಹಳ ಕಿರಿದು. ಇಂಟಿಜರ್, ಡಿವೈಸರ್, ರಿಮೈಂಡರ್, ಪ್ರೈಮ್, ಡಿಸ್ಟಿಂಕ್ಟ್, ಅಟ್ ಲೀಸ್ಟ್, ಅಟ್ ಮೋಸ್ಟ್: ಇಂಥ ಪದಗಳೇ ಮತ್ತೆ ಮತ್ತೆ ಬರುತ್ತವೆ. ಹಳೆಯ ಪತ್ರಿಕೆಗಳನ್ನು ಬಿಡಿಸುವ ಮೊದಲು ಬರೀ ಓದಿ, ಪ್ರತಿ ಪ್ರಶ್ನೆಯನ್ನೂ ಕನ್ನಡದಲ್ಲಿ ಒಂದು ಸಾಲು ಬರೆದುಕೊಳ್ಳುವ ಅಭ್ಯಾಸ ಒಳ್ಳೆಯದು. ಅಟ್ ಲೀಸ್ಟ್, ಅಟ್ ಮೋಸ್ಟ್ ಅದಲುಬದಲಾಗಿ ಓದಿ ಕೆಡುವ ಲೆಕ್ಕಗಳು ಗಣಿತ ಬಾರದೆ ಕೆಡುವವಕ್ಕಿಂತ ಕಡಿಮೆಯೇನಲ್ಲ ಎಂಬುದು ನನ್ನ ಅನಿಸಿಕೆ.

ಪುಸ್ತಕಗಳಲ್ಲಿ ಒಂದನ್ನು ಹೆಸರಿಸಬೇಕೆಂದರೆ ‘ಚಾಲೆಂಜ್ ಅಂಡ್ ಥ್ರಿಲ್ ಆಫ್ ಪ್ರಿ-ಕಾಲೇಜ್ ಮ್ಯಾಥಮ್ಯಾಟಿಕ್ಸ್’. ಒಲಿಂಪಿಯಾಡ್‌ಗೆ ಭಾರತದ ಮಕ್ಕಳನ್ನು ತಯಾರು ಮಾಡಿದ ಬೆಂಗಳೂರಿನ ಬಿ.ಜೆ. ವೆಂಕಟಾಚಲ, ಸಿ.ಆರ್. ಪ್ರಾಣೇಶಾಚಾರ್ ಅವರು ವಿ. ಕೃಷ್ಣಮೂರ್ತಿ, ಕೆ.ಎನ್. ರಂಗನಾಥನ್ ಜೊತೆ ಸೇರಿ ಬರೆದದ್ದು. ಎಂಟನೇ ತರಗತಿಗೆ ಅದು ಭಾರವೇ. ಮೇಷ್ಟ್ರ ಕೈಯಲ್ಲಿದ್ದರೆ ಸಾಕು. ಹಳೆಯ ಪ್ರಶ್ನೆಪತ್ರಿಕೆಗಳು ಮೊಬೈಲಿನಲ್ಲೇ ದುಡ್ಡಿಲ್ಲದೆ ಸಿಗುತ್ತವೆ. ಉತ್ತರಗಳೂ ಸಿಗುತ್ತವೆ, ತೊಂದರೆ ಅದೇ. ಉತ್ತರ ಓದಿ ‘ಓ, ಇಷ್ಟೇನಾ’ ಅಂದವರಿಗೆ ವಾರ ಬಿಟ್ಟು ಅದೇ ಲೆಕ್ಕ ಕೊಟ್ಟರೆ ಕೈ ಓಡುವುದಿಲ್ಲ. ಉತ್ತರ ನೋಡಲೇಬೇಕಾದರೆ ಮೊದಲ ಎರಡು ಸಾಲು ನೋಡಿ ಮುಚ್ಚಿಡಲಿ.

ಐಒಕ್ಯೂಎಂ ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ, ಎಂಟನೇ ತರಗತಿಯಿಂದಲೇ ಬರೆಯಬಹುದು. ಅರ್ಜಿ ಅದಕ್ಕೂ ತಿಂಗಳುಗಟ್ಟಲೆ ಮೊದಲೇ ತುಂಬಬೇಕು, ಕೇಂದ್ರ ಎಲ್ಲಿದೆ, ಬೆಳಿಗ್ಗೆ ಅಲ್ಲಿಗೆ ಬಸ್ಸಿದೆಯೇ ಎಂಬುದನ್ನು ಆಗಲೇ ವಿಚಾರಿಸಿಕೊಳ್ಳಬೇಕು. ಅಲ್ಲಿಯವರೆಗೆ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಸಾಕು. ಐದಾರು ಮಕ್ಕಳು, ಒಂದು ಲೆಕ್ಕ. ಮೇಷ್ಟ್ರಿಗೂ ಉತ್ತರ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು. ತಿಳಿದವರೊಬ್ಬರು ತಡಕಾಡುವುದನ್ನು ಮಕ್ಕಳು ನೋಡುವ ಅವಕಾಶ ತೀರಾ ಅಪರೂಪ.

ಮೊದಲ ಮೂರು ಶನಿವಾರಕ್ಕೆ ಮೂರು ಲೆಕ್ಕ. ಒಂದು: ಚೌಕಾಬಾರದ ಕಾಯಿಯೊಂದು ಮೂಲೆಯ ಪಕ್ಕದ ಮನೆಯಿಂದ ಹೊರಟು, ಓರೆಯಾಗಿ ಹೋಗದೆ, 25 ಮನೆಯನ್ನೂ ಒಂದೊಂದೇ ಸಲ ಮುಟ್ಟಬಲ್ಲುದೆ? ಎರಡು: n²+20 ಎಂಬುದು n+4ರಿಂದ ನಿಶ್ಶೇಷವಾಗಿ ಭಾಗವಾಗುವ ಧನ ಪೂರ್ಣಾಂಕ nಗಳು ಎಷ್ಟು? ಮೂರು: ನಾಲ್ಕು ಊರಿನ ಜೊತೆಗೆ ತುಮಕೂರನ್ನೂ ಸೇರಿಸಿ, ಐದರಲ್ಲಿ ಪ್ರತಿ ಜೋಡಿಗೂ ನೇರ ರಸ್ತೆ ಹಾಕಿದರೆ ಹತ್ತು ರಸ್ತೆಯನ್ನೂ ಒಂದೇ ಪ್ರಯಾಣದಲ್ಲಿ, ಎರಡು ಸಲ ತುಳಿಯದೆ ಮುಗಿಸಬಹುದೇ? ಆಗುವುದಾದರೆ ದಾರಿ ಬರೆದು ತೋರಿಸಿ, ಆಗದಿದ್ದರೆ ಯಾಕೆಂದು ಹೇಳಿ.