ಹೊಟ್ಟೆ ತಣಿಯೋದು ಅಂದ್ರೆ ಏನು?

ಬಿಸಿಲಲ್ಲಿ ಬಂದವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟರೆ ಹಿರಿಯರು 'ನಿನ್ನ ಹೊಟ್ಟೆ ತಣ್ಣಗಿರಲಿ' ಅಂತ ಹರಸುತ್ತಾರೆ. ಕುಡಿದದ್ದು ಅವರು, ತಣ್ಣಗಿರಬೇಕಾದ್ದು ನಮ್ಮ ಹೊಟ್ಟೆ! ಕನ್ನಡದಲ್ಲಿ ಹಸಿವೂ ಬಿಸಿ, ಹೊಟ್ಟೆಕಿಚ್ಚೂ ಬಿಸಿ, ಕೋಪವೂ ಬಿಸಿ. ಹಾಗಾಗಿ ಬೇಕಾದದ್ದು ಸಿಕ್ಕಾಗ ನಾವು 'ತಣಿಯುತ್ತೇವೆ'.

ಬೇರು 'ತಣ್'. ತಣ್ಣೀರು, ತಂಗಾಳಿ, ತಂಪು ಎಲ್ಲ ಇದರ ಮಕ್ಕಳೇ. ಮೆಸ್ಸಿನಲ್ಲಿ ನಾವು ಬೈಕೊಂಡು ತಿನ್ನುವ ತಂಗಳೂ ಇದೇ ವಂಶದ್ದು ಅನ್ನೋದು ಬೇರೆ ಮಾತು. ತಮಿಳಿನಲ್ಲಿ 'ತಣಿ' ಅಂದರೆ ದಾಹ, ಸಿಟ್ಟು ಇಳಿಯುವುದು. ತೆಲುಗಿನವರ 'ತನಿವಿ' ಅಂದರೆ ನೇರವಾಗಿ ತೃಪ್ತಿ. ನಮ್ಮಲ್ಲಿ ಎರಡೂ ಅರ್ಥ ಉಂಟು: ಕೋಪ ತಣಿಯಿತು, ಬಾಯಾರಿಕೆ ತಣಿಯಿತು, ಕಣ್ಣು ತಣಿಯಿತು.

'ಮನದಣಿಯೆ ನೋಡಿದೆ' ಅನ್ನುವುದನ್ನು ಓದಿ, ಮನಸ್ಸು ದಣಿಯುವಷ್ಟು, ಸುಸ್ತಾಗುವಷ್ಟು ಅಂತ ಅರ್ಥ ಮಾಡಿಕೊಳ್ಳುವವರಿದ್ದಾರೆ. ಅದು ಮನ + ತಣಿಯೆ. ಬೆಟ್ಟ + ತಾವರೆ ಬೆಟ್ಟದಾವರೆ ಆದ ಹಾಗೆ ಇಲ್ಲೂ ತಕಾರಕ್ಕೆ ದಕಾರ ಬಂದಿದೆ. ಹೈಸ್ಕೂಲಿನ ಆದೇಶ ಸಂಧಿ ಇಷ್ಟು ದಿನದ ಮೇಲೆ ಕೆಲಸಕ್ಕೆ ಬಂತು ನೋಡಿ.

ಮೆಕ್ಯಾನಿಕಲ್‌ನವರಿಗೆ ಇನ್ನೂ ಒಂದು ತಣಿಸುವಿಕೆ ಗೊತ್ತು. ಸುಮಾರು 800 ಡಿಗ್ರಿಯಲ್ಲಿ ಕೆಂಪಗೆ ಕಾದ ಉಕ್ಕನ್ನು ನೀರಿಗೋ ಎಣ್ಣೆಗೋ ಅದ್ದುವ ಕ್ವೆಂಚಿಂಗ್. ಇಂಗ್ಲಿಷಿನ ಆ ಪದವೂ ಬಾಯಾರಿಕೆಗೆ, ಉಕ್ಕಿಗೆ ಎರಡಕ್ಕೂ ಸಲ್ಲುತ್ತೆ. ಆದರೆ ದಿಢೀರ್ ತಣಿದ ಉಕ್ಕು ಗಡಸಾದರೂ ಪೆಡಸು, ಬಿದ್ದರೆ ಒಡೆದೀತು. ಅದನ್ನು ಮತ್ತೆ ಹದವಾಗಿ ಕಾಯಿಸಲೇಬೇಕು.

ಇದೆಲ್ಲ ಈಗ ಯಾಕೆ ಅಂದ್ರೆ, ಮೆಸ್ಸಿನ ಫೀಡ್‌ಬ್ಯಾಕ್ ಫಾರ್ಮನ್ನು ಕನ್ನಡಕ್ಕೆ ತರುವ ಕೆಲಸ ನಮ್ಮ ಬಳಗದ ಪಾಲಿಗೆ ಬಂದಿದೆ. ನಾವು ಹಾಕುವ ಟಿಕ್ಕನ್ನು ಅಡುಗೆಯವರೇ ಓದಬೇಕು. ಇಷ್ಟು ದಿನ ಇಂಗ್ಲಿಷಿನಲ್ಲಿದ್ದ ಆ ಹಾಳೆ ಅವರ ಪಾಲಿಗೆ ಇದ್ದೂ ಇಲ್ಲದಂತಿತ್ತು. 'ಸ್ಯಾಟಿಸ್‌ಫೈಡ್' ಅನ್ನೋದಕ್ಕೆ ಮೊದಲು ಹೊಳೆದದ್ದು 'ತೃಪ್ತಿಕರ'. ಆದರೆ 'ತೃಪ್ತಿಯಾಗಿ ಉಂಡೆ' ಅನ್ನುವಾಗಿನ ಸಂತೋಷ 'ಕರ' ಸೇರಿದ ಕೂಡಲೇ ಮಾಯ! ಅಂಕಪಟ್ಟಿಯಲ್ಲಿ 'ತೃಪ್ತಿಕರ' ಅಂತ ಬಂದರೆ ಯಾರ ಮನೇಲೂ ಪಾಯಸ ಮಾಡಲ್ಲ. ಬೆಳಗ್ಗೆ ನಾಲ್ಕಕ್ಕೇ ಎದ್ದು ಒಲೆ ಹಚ್ಚುವವರಿಗೆ ಅದನ್ನು ಹೇಗೆ ಹೇಳೋದು? 'ಸಮಾಧಾನಕರ' ಅಂದರೆ ಗೆಲ್ಲದವರಿಗೆ ಕೊಡುವ ಬಹುಮಾನ. 'ಸಾಕು' ನಮಗೆಲ್ಲ ಇಷ್ಟದ ಪದ, ಆದರೆ ಬಡಿಸುವಾಗ ಕೈ ಅಡ್ಡ ಹಿಡಿದು ಅನ್ನುವ 'ಸಾಕು' ಒಂದು, 'ಸಾಕಾಗಿ ಹೋಯ್ತು' ಇನ್ನೊಂದು. ಕಾಗದದ ಮೇಲೆ ಯಾವುದು ಅಂತ ತಿಳಿಯೋದು ಕಷ್ಟ.

ಬರೀ 'ತಣಿಯಿತು' ಅಂತ ಹಾಕೋಣ ಅಂದ್ರೆ 'ಸಾರು ತಣ್ಣಗಾಗಿತ್ತು' ಅನ್ನುವ ದೂರಿನ ಹಾಗೆ ಕೇಳುತ್ತೆ ಅನ್ನೋ ವಾದವೂ ಬಂತು. ನ್ಯಾಯವೇ. ಹಾಗಾಗಿ ಈಗಿನ ಕರಡಿನಲ್ಲಿ ಇರೋದು ಹೀಗೆ: 'ಇವತ್ತಿನ ಊಟಕ್ಕೆ ಹೊಟ್ಟೆ ತಣಿಯಿತೇ? ಚೆನ್ನಾಗಿ ತಣಿಯಿತು / ಅರೆಬರೆ / ಇಲ್ಲ'. ಕೆಳಗೆ ಎರಡು ಸಾಲು ಖಾಲಿ ಜಾಗ, ಏನು ಸರಿ ಇರಲಿಲ್ಲ ಅಂತ ಬರೆಯೋಕೆ.